ವಸಂತಸೇನೆಯ ಮುಸುಕು: ಮೂಕಿಯ ಕಾಲದ ಇಬ್ಬರು ನಟಿಯರು

ಶೂದ್ರಕನ ‘ಮೃಚ್ಛಕಟಿಕ’ದ ಹತ್ತನೆಯ ಅಂಕದ ಕೊನೆಗೆ ಒಂದು ಸಣ್ಣ ಸಂಗತಿ ನಡೆಯುತ್ತದೆ. ಚಾರುದತ್ತ ಶೂಲದ ಬಾಯಿಂದ ಪಾರಾಗಿದ್ದಾನೆ, ದುಷ್ಟ ರಾಜ ಪಾಲಕ ಸತ್ತಿದ್ದಾನೆ, ದನಗಾಹಿಯಾಗಿದ್ದ ಆರ್ಯಕ ಸಿಂಹಾಸನ ಏರಿದ್ದಾನೆ. ಹೊಸ ರಾಜನ ಪರವಾಗಿ ಶರ್ವಿಲಕ ಬಂದು ವಸಂತಸೇನೆಗೆ ಒಂದು ಪದವನ್ನು ದಯಪಾಲಿಸುತ್ತಾನೆ. ಆ ಪದ ‘ವಧು’. ಪದದ ಜೊತೆಗೆ ತಲೆಯ ಮೇಲೆ ಒಂದು ಮುಸುಕನ್ನೂ ಹೊದಿಸುತ್ತಾನೆ. ಉಜ್ಜಯಿನಿಯ ಗಣಿಕೆ ಆ ಕ್ಷಣದಿಂದ ಕುಲವಧು. ಅವಳು ಅದಕ್ಕೆ ಮೊದಲು ಮಾಡಿದ್ದು ಕಡಿಮೆಯೇನಲ್ಲ. ಬಡವನಾದ ಚಾರುದತ್ತನ ಮಗ ರೋಹಸೇನ ಚಿನ್ನದ ಗಾಡಿ ಬೇಕೆಂದು ಅತ್ತಾಗ ತನ್ನ ಒಡವೆಗಳನ್ನೆಲ್ಲ ಅವನ ಮಣ್ಣಿನ ಗಾಡಿಯಲ್ಲಿ ತುಂಬಿದವಳು ಅವಳು. ಆದರೆ ಅವಳನ್ನು ಮರ್ಯಾದಸ್ಥೆಯನ್ನಾಗಿ ಮಾಡಲು ರಾಜನ ಒಂದು ಮಾತು ಬೇಕಾಯಿತು.

ಈ ನಾಟಕ 1930–31ರ ಸುಮಾರಿಗೆ ಮೂಕಿ ಚಿತ್ರವಾಯಿತು. ‘ವಸಂತಸೇನಾ’ ಎಂದೂ ‘ಮೃಚ್ಛಕಟಿಕ’ ಎಂದೂ ಅದಕ್ಕೆ ಎರಡು ಹೆಸರು. ನಿರ್ದೇಶಕ ಮೋಹನ್ ಭವನಾನಿ. ವಸಂತಸೇನೆಯಾಗಿ ಏಣಾಕ್ಷಿ ರಾಮರಾವ್. ಜೊತೆಗೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ನಳಿನಿ ತರ್ಖಡ್, ಜೆ.ಕೆ. ನಂದಾ, ಮತ್ತು ನಮ್ಮ ಟಿ.ಪಿ. ಕೈಲಾಸಂ. ಕನ್ನಡ ಚಿತ್ರರಂಗದ ಚರಿತ್ರೆ ಬರೆದವರು ಈ ಚಿತ್ರವನ್ನು ಒಂದೆರಡು ಸಾಲಿನಲ್ಲಿ ನೆನೆದು, 1934ರ ‘ಸತಿ ಸುಲೋಚನಾ’ದ ಕಡೆಗೆ ಓಡುತ್ತಾರೆ. ಮಾತು ಬಂದ ಮೇಲೆ ತಾನೆ ಸಿನಿಮಾ ಕನ್ನಡದ್ದಾಗುವುದು! ಆದರೆ ಆ ಒಂದೆರಡು ಸಾಲಿನ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಹೆಂಗಸೊಬ್ಬಳು ಪರದೆಯ ಮೇಲೆ ಮುಖ ತೋರಿಸಿದರೆ ಆಕೆ ಯಾರಾಗುತ್ತಾಳೆ? ಅದನ್ನು ನಿರ್ಧರಿಸುವವರು ಯಾರು?

ಮೊದಲು ಆ ಕಾಲದ ಪರಿಸ್ಥಿತಿಯನ್ನು ನೋಡೋಣ. ಫಾಲ್ಕೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಮಾಡುವಾಗ ತಾರಾಮತಿಯ ಪಾತ್ರಕ್ಕೆ ಹೆಂಗಸು ಸಿಗಲಿಲ್ಲ. ವೇಶ್ಯಾವಾಟಿಕೆಗಳಲ್ಲೂ ಕೇಳಿ ನೋಡಿದರಂತೆ, ಅವರೂ ಒಪ್ಪಲಿಲ್ಲ. ಕೊನೆಗೆ ಸಾಳುಂಕೆ ಎಂಬ ತರುಣನಿಗೆ ಸೀರೆ ಉಡಿಸಿದರು. ಅದೇ ವರ್ಷ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ಬಂದರು. ತಾಯಿ ಪಾರ್ವತಿ, ಮಗಳು ಮೋಹಿನಿ. ಗಂಡನಿಂದ ಬೇರಾಗಿ ಮಗಳನ್ನು ಸಾಕಲು ನಾಟಕದ ಕಂಪನಿ ಸೇರಿದ್ದ ತಾಯಿ ದುರ್ಗಾಬಾಯಿ. ಇವರನ್ನು ಭಾರತೀಯ ಸಿನಿಮಾದ ಮೊದಲ ನಟಿಯರು ಎಂದು ಈಗ ಹೊಗಳುತ್ತೇವೆ. ಆಗ ಹೊಗಳಿದವರು ಕಡಿಮೆ.

ಇಪ್ಪತ್ತರ ದಶಕ ಬರುವಷ್ಟರಲ್ಲಿ ಮೂಕಿಯಲ್ಲಿ ನಾಯಕಿಯರು ಸಾಕಷ್ಟು ಇದ್ದರು. ಅವರಲ್ಲಿ ಬಹಳ ಜನ ಆಂಗ್ಲೋ ಇಂಡಿಯನ್ ಅಥವಾ ಯಹೂದಿ ಮನೆತನಗಳ ಹುಡುಗಿಯರು. ಟೆಲಿಫೋನ್ ಆಪರೇಟರ್ ಆಗಿದ್ದ ರೂಬಿ ಮೈಯರ್ಸ್ ‘ಸುಲೋಚನಾ’ ಆದಳು. ರೆನೀ ಸ್ಮಿತ್ ‘ಸೀತಾದೇವಿ’ ಆದಳು. ಎಫಿ ಹಿಪೊಲೆಟ್ ‘ಇಂದಿರಾದೇವಿ’. ಮೂಕಿಗೆ ಮಾತು ಬೇಕಿರಲಿಲ್ಲವಾದ್ದರಿಂದ ಇವರ ಹಿಂದಿ ಉಚ್ಚಾರ ಹೇಗಿದ್ದರೂ ನಡೆಯುತ್ತಿತ್ತು. ಹೆಸರಿಗೆ ಮಾತ್ರ ಪುರಾಣದ ಮುಸುಕು. ಪ್ರೇಕ್ಷಕನಿಗೆ ಬೇಕಾದದ್ದು ಸೀತೆ, ಸುಲೋಚನೆ. ಆದರೆ ಸೀತೆಯಾಗಲು ತನ್ನ ಮನೆಯ ಮಗಳನ್ನು ಕಳಿಸಲು ಅವನು ತಯಾರಿಲ್ಲ. ಈ ಎರಡರ ನಡುವಿನ ಅಂತರವನ್ನು ಬಾಡಿಗೆ ಹೆಸರುಗಳು ತುಂಬಿದವು. ಈ ಹೆಸರು ಬದಲಿಸುವ ಆಟವನ್ನು ಬರೇ ಜಾಹೀರಾತಿನ ತಂತ್ರ ಎಂದು ತಳ್ಳಿಹಾಕುವಂತಿಲ್ಲ.

ಇಲ್ಲಿಗೆ ಏಣಾಕ್ಷಿ ರಾಮರಾವ್ ಬರುತ್ತಾರೆ, ತಂದೆ ಮನೆಯ ಹೆಸರನ್ನು ಪೂರ್ತಿಯಾಗಿ ಇಟ್ಟುಕೊಂಡು.

1928ರ ‘ಶಿರಾಜ್’ ಅವರ ದೊಡ್ಡ ಚಿತ್ರ. ತಾಜಮಹಲಿನ ಕತೆ. ಹಿಮಾಂಶು ರಾಯ್ ನಿರ್ಮಾಣ, ಮ್ಯೂನಿಕ್‌ನ ಫ್ರಾಂಜ್ ಓಸ್ಟನ್ ನಿರ್ದೇಶನ, ನಿರಂಜನ ಪಾಲ್ ಕತೆ, ಬಂಡವಾಳದಲ್ಲಿ ಬ್ರಿಟನ್ ಮತ್ತು ಜರ್ಮನಿಯ ಪಾಲು. ಇದೇ ತಂಡ ಅದಕ್ಕೆ ಮೊದಲು ಬುದ್ಧನ ಕತೆ ಹೇಳಿದ್ದ ‘ಲೈಟ್ ಆಫ್ ಏಷ್ಯಾ’ವನ್ನು ಮಾಡಿತ್ತು, ಆಮೇಲೆ ‘ಎ ಥ್ರೋ ಆಫ್ ಡೈಸ್’ ಮಾಡಿತು. ಮೂರೂ ಭಾರತದಲ್ಲೇ, ಹೊರಾಂಗಣದಲ್ಲಿ, ಭಾರತದ ನಟರನ್ನೇ ಹಾಕಿಕೊಂಡು ಚಿತ್ರಿಸಿದವು.

‘ಶಿರಾಜ್’ನಲ್ಲಿ ಮರುಭೂಮಿಯಲ್ಲಿ ದರೋಡೆಗೆ ಸಿಕ್ಕ ಸಾರ್ಥವಾಹದಿಂದ ಒಂದು ಹೆಣ್ಣು ಮಗು ಉಳಿಯುತ್ತದೆ. ಕುಂಬಾರನೊಬ್ಬ ಅದನ್ನು ಮನೆಗೆ ಒಯ್ದು ಸಲೀಮಾ ಎಂದು ಹೆಸರಿಟ್ಟು ತನ್ನ ಮಗ ಶಿರಾಜನ ಜೊತೆ ಬೆಳೆಸುತ್ತಾನೆ. ಬೆಳೆದ ಸಲೀಮಾಳನ್ನು ಗುಲಾಮರ ವ್ಯಾಪಾರಿಗಳು ಕದ್ದೊಯ್ದು ಮಾರುತ್ತಾರೆ, ಕೊಂಡವನು ರಾಜಕುಮಾರ ಖುರ್ರಂ. ಹಿಂದೆಯೇ ಬಂದ ಶಿರಾಜ ಅರಮನೆಯಲ್ಲಿ ಸಿಕ್ಕಿಬಿದ್ದು ಆನೆಯ ಕಾಲಿಗೆ ಬಲಿಯಾಗಬೇಕಾಗುತ್ತದೆ. ಕೊನೆಗೆ ಒಂದು ತಾಯಿತ ಸಲೀಮಾಳ ರಾಜವಂಶವನ್ನು ಸಾಬೀತು ಮಾಡುತ್ತದೆ. ಅವಳು ಮುಮ್ತಾಜ್ ಮಹಲ್ ಆಗುತ್ತಾಳೆ. ಅವಳು ತೀರಿಕೊಂಡ ಮೇಲೆ, ಕುರುಡನಾದ ಶಿರಾಜ ಅವಳ ಸಮಾಧಿಯ ನಕ್ಷೆ ಮಾಡುತ್ತಾನೆ. ಇತಿಹಾಸಕ್ಕೂ ಇದಕ್ಕೂ ಸಂಬಂಧ ಇಲ್ಲ, ಇರಬೇಕಾಗಿಯೂ ಇಲ್ಲ.

ಈ ಚಿತ್ರದಲ್ಲಿ ಇಬ್ಬರು ನಟಿಯರನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸಲೀಮಾಳನ್ನು ಮುಗಿಸಲು ಒಳಸಂಚು ಮಾಡುವ ದಾಲಿಯಾ ಪಾತ್ರ ಸೀತಾದೇವಿಯದು, ಅಂದರೆ ರೆನೀ ಸ್ಮಿತ್‌ಳದು. ಕುಲೀನ ಕನ್ಯೆ ಸಲೀಮಾ ಏಣಾಕ್ಷಿಯದು. ಬಾಡಿಗೆ ಹೆಸರಿನವಳಿಗೆ ಕೆಟ್ಟ ಹೆಂಗಸಿನ ಪಾತ್ರ, ಮನೆತನದ ಹೆಸರಿನವಳಿಗೆ ಒಳ್ಳೆಯವಳ ಪಾತ್ರ. ಬೇಕೆಂದೇ ಮಾಡಿದ್ದೆಂದು ನಾನು ವಾದಿಸುವುದಿಲ್ಲ. ಅದೇ ಸೀತಾದೇವಿ ‘ಲೈಟ್ ಆಫ್ ಏಷ್ಯಾ’ದಲ್ಲಿ ಬುದ್ಧನ ಮಡದಿಯಾಗಿದ್ದಳು. ಆದರೆ ‘ಶಿರಾಜ್’ ನೋಡುವಾಗ ಈ ಹಂಚಿಕೆ ಕಣ್ಣಿಗೆ ಹೊಡೆಯುತ್ತದೆ. ನಟನೆಯ ದೃಷ್ಟಿಯಿಂದ ಹೇಳುವುದಾದರೆ ಸೀತಾದೇವಿಯದು ಹೆಚ್ಚು ಚುರುಕು: ಹುಬ್ಬು, ಭುಜ, ನಡಿಗೆ ಎಲ್ಲವೂ ಕೆಲಸ ಮಾಡುತ್ತವೆ. ಏಣಾಕ್ಷಿಯದು ತಡೆದ ನಟನೆ. ಮುಖ ಹೆಚ್ಚು ಅಲುಗುವುದಿಲ್ಲ, ಕಣ್ಣು ಮಾತ್ರ ಸರಿಯುತ್ತದೆ. ಮೂಕಿಯಲ್ಲಿ ಎಲ್ಲರೂ ಎದೆ ಬಡಿದುಕೊಂಡು ಅಳುತ್ತಾರೆ ಎಂದುಕೊಂಡವರು ಇದನ್ನು ನೋಡಬೇಕು. ಅವರು ನೃತ್ಯ ಬಲ್ಲವರಾಗಿದ್ದರು. ಸುಮ್ಮನೆ ನಿಲ್ಲುವುದೂ ಒಂದು ವಿದ್ಯೆ ಎಂಬುದು ನೃತ್ಯ ಕಲಿತವರಿಗೆ ಗೊತ್ತಿರುತ್ತದೆ.

ಸಿನಿಮಾ ‘ಒಳ್ಳೆಯ ಮನೆತನದ’ ಹೆಂಗಸರಿಗೆ ತಕ್ಕುದೇ ಎಂಬ ಚರ್ಚೆ ಅದೇ ವರ್ಷಗಳಲ್ಲಿ ಸರ್ಕಾರದ ಮಟ್ಟಕ್ಕೂ ಹೋಗಿತ್ತು. 1927–28ರಲ್ಲಿ ದಿವಾನ್ ಬಹದ್ದೂರ್ ಟಿ. ರಂಗಾಚಾರಿಯರ್ ಅಧ್ಯಕ್ಷತೆಯ ಸಮಿತಿಯೊಂದು ದೇಶ ಸುತ್ತಿ ಸಿನಿಮಾ ಬಗ್ಗೆ ಸಾಕ್ಷ್ಯ ಸಂಗ್ರಹಿಸಿತು. ಸೆನ್ಸಾರು, ತೆರಿಗೆ, ಅಮೆರಿಕದ ಚಿತ್ರಗಳ ಹಾವಳಿ ಇವೆಲ್ಲದರ ಜೊತೆಗೆ ಈ ಪ್ರಶ್ನೆಯೂ ಎದ್ದಿತು. ವಿದ್ಯಾವಂತ ಹೆಂಗಸರು ಬಂದರೆ ಸಿನಿಮಾ ಸುಧಾರಿಸುತ್ತದೆ ಎಂಬುದು ಆಗಿನ ಸುಧಾರಕರ ನಂಬಿಕೆ. ಈ ನಂಬಿಕೆಯ ಅರ್ಥ, ಅಲ್ಲಿಯವರೆಗೆ ಇದ್ದವರಿಂದ ಅದು ಕೆಟ್ಟಿತ್ತು ಎಂದು. ಆ ಅರ್ಥವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೋಹನ್ ಭವನಾನಿಗೆ ಈ ನಂಬಿಕೆಯ ಬೆಲೆ ಗೊತ್ತಿತ್ತು. ಸಿಂಧ್‌ನ ಹೈದರಾಬಾದಿನವರು. ಮ್ಯಾಂಚೆಸ್ಟರಿನಲ್ಲಿ ಓದಿ, ಜರ್ಮನಿಯ ಉಫಾ ಸ್ಟುಡಿಯೋದಲ್ಲಿ ಕೆಲಸ ಕಲಿತು ಮುಂಬೈಗೆ ಬಂದವರು. ರೂಬಿ ಮೈಯರ್ಸ್‌ಳನ್ನು ತಾರೆಯನ್ನಾಗಿ ಮಾಡಿದವರೂ ಅವರೇ. ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಅವಳಿಂದ ಎಂಟು ವೇಷ ಹಾಕಿಸಿದರು. ಮುಂದೆ 1934ರಲ್ಲಿ ಪ್ರೇಮಚಂದರಿಂದ ‘ಮಜ್ದೂರ್’ ಚಿತ್ರಕ್ಕೆ ಕತೆ ಬರೆಸಿದರು. ಸ್ವಾತಂತ್ರ್ಯದ ನಂತರ ಫಿಲ್ಮ್ಸ್ ಡಿವಿಜನ್‌ನ ಮೊದಲ ಮುಖ್ಯ ನಿರ್ಮಾಪಕರಾದರು. ಏಣಾಕ್ಷಿ ರಾಮರಾವ್ ಇವರನ್ನೇ ಮದುವೆಯಾದರು.

‘ವಸಂತಸೇನಾ’ಕ್ಕೆ ಭವನಾನಿ ಆರಿಸಿದ ತಾರಾಗಣ ನೋಡಿ: ವೃತ್ತಿನಟರಿಗಿಂತ ಓದಿದವರು, ಲೇಖಕರು, ಸಾರ್ವಜನಿಕ ಜೀವನದಲ್ಲಿ ಹೆಸರಿದ್ದವರು. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ‘ಟೊಳ್ಳು ಗಟ್ಟಿ’ ಬರೆದು ಬೆಂಗಳೂರನ್ನು ನಗಿಸಿದವರು. ಅವರ ಬಾಯಿ ಅಂದರೆ ಮಾತಿನ ಗಣಿ. ಆ ಮಾತನ್ನೆಲ್ಲ ಕಿತ್ತುಕೊಂಡು ಮೂಕಿಯಲ್ಲಿ ನಿಲ್ಲಿಸಿದ್ದು ವಿಚಿತ್ರವೇ ಸರಿ. ‘ಸೂಳೆ’ ಎಂಬ ಹೆಸರಿನಲ್ಲೇ ನಾಟಕ ಬರೆಯುವ ಧೈರ್ಯ ಮಾಡಿದವರೂ ಅವರೇ ಎಂಬುದನ್ನು ಇಲ್ಲಿ ನೆನೆಯಬೇಕು.

ಕಮಲಾದೇವಿ 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದವರು, ಸಾರಸ್ವತ ಮನೆತನ. ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದರು, ತಾಯಿ ಗಿರಿಜಾಬಾಯಿ ಓದಿಕೊಂಡವರು. ಕಮಲಾದೇವಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಸಂಬಂಧದ ಮಗನಿಗೆ ಹೋಯಿತು. ತಾಯಿ ಮಗಳಿಗೆ ಉಳಿದದ್ದು ತಿಂಗಳ ಖರ್ಚಿನ ಹಣ. ಗಿರಿಜಾಬಾಯಿ ಅದನ್ನು ಬೇಡ ಎಂದು ತನ್ನ ಸ್ತ್ರೀಧನದಲ್ಲೇ ಮಗಳನ್ನು ಬೆಳೆಸಿದರು. ಹದಿನಾಲ್ಕಕ್ಕೆ ಕಮಲಾದೇವಿಗೆ ಮದುವೆ, ಎರಡು ವರ್ಷದೊಳಗೆ ವೈಧವ್ಯ.

ಇಂಥ ಹುಡುಗಿಯ ಕತೆ ಆ ಕಾಲದಲ್ಲಿ ಹೇಗೆ ಮುಗಿಯಬೇಕಿತ್ತು ಎಂದು ಹೇಳಬೇಕಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯ ಮೂಲೆ. ಕಮಲಾದೇವಿ ಹೋದದ್ದು ಮದರಾಸಿನ ಕ್ವೀನ್ ಮೇರಿ ಕಾಲೇಜಿಗೆ. ಅಲ್ಲಿ ಸುಹಾಸಿನಿ ಚಟ್ಟೋಪಾಧ್ಯಾಯ ಗೆಳತಿಯಾದಳು, ಅವಳ ಅಣ್ಣ ಹರೀಂದ್ರನಾಥ ಪರಿಚಯವಾದ. ಸರೋಜಿನಿ ನಾಯ್ಡು ಅವರ ತಮ್ಮ. ನಿಜಾಮರ ಹೈದರಾಬಾದಿನಲ್ಲಿ ಬೆಳೆದ ಕವಿ, ನಾಟಕಕಾರ. ಈಗಿನವರಿಗೆ ‘ಬಾವರ್ಚಿ’ ಚಿತ್ರದ ಸಿಡುಕು ಮುದುಕನೆಂದರೆ ಗುರುತು ಸಿಗಬಹುದು. ವಿಧವೆಯ ಮರುಮದುವೆ, ಅದೂ ಬಂಗಾಲಿಯ ಜೊತೆ. ಊರಲ್ಲಿ ಗುಲ್ಲೆದ್ದಿತು. ಇಬ್ಬರೂ ಲಂಡನ್ನಿಗೆ ಹೋದರು, ಕಮಲಾದೇವಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧಿಯ ಚಳವಳಿಯ ಸುದ್ದಿ ಕೇಳಿ ಹಿಂದಿರುಗಿ ಸೇವಾದಳ ಸೇರಿದರು.

1926ರಲ್ಲಿ ಮದರಾಸು ಪ್ರಾಂತದ ಶಾಸನಸಭೆಗೆ ನಿಂತರು. ಈ ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಹೆಂಗಸರಲ್ಲಿ ಅವರೊಬ್ಬರು. ಕೆಲವೇ ಮತಗಳಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನೆಯ ಕೆಲಸ. 1930ರಲ್ಲಿ ಉಪ್ಪಿನ ಸತ್ಯಾಗ್ರಹ. ದಂಡಿಗೆ ಹೊರಟ ತಂಡದಲ್ಲಿ ಹೆಂಗಸರಿರಲಿಲ್ಲ, ಗಾಂಧಿ ಬೇಡವೆಂದಿದ್ದರು. ಕಮಲಾದೇವಿ ಹೋಗಿ ವಾದಿಸಿದರು. ಮುಂಬೈಯ ಕಡಲತೀರದಲ್ಲಿ ಉಪ್ಪು ಮಾಡಲು ಒಲೆ ಹೊತ್ತಿಸಿದ ಮೊದಲ ತಂಡದಲ್ಲಿ ಅವರೂ ಅವಂತಿಕಾಬಾಯಿ ಗೋಖಲೆಯೂ ಇದ್ದರು. ಷೇರುಪೇಟೆಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು. ನ್ಯಾಯಾಲಯದೊಳಗೆ ಹೋಗಿ ಮ್ಯಾಜಿಸ್ಟ್ರೇಟನಿಗೇ ಈ ಸ್ವಾತಂತ್ರ್ಯದ ಉಪ್ಪು ಕೊಳ್ಳುತ್ತೀರಾ ಎಂದು ಕೇಳಿದರು. ಜೈಲಾಯಿತು.

‘ಮೃಚ್ಛಕಟಿಕ’ದ ಕಮಲಾದೇವಿ ಇವರೇ, ಈ ಒಂದೆರಡು ವರ್ಷಗಳ ಆಸುಪಾಸಿನ ಕಮಲಾದೇವಿ. ಅವರ ಜೀವನಚರಿತ್ರೆಗಳಲ್ಲಿ ಸಿನಿಮಾ ಒಂದು ಅಡಿಟಿಪ್ಪಣಿ. ಹಾಗೆ ಕಾಣುವುದು ಸಹಜವೂ ಹೌದು. ಮುಂದಿನ ಐವತ್ತು ವರ್ಷಗಳಲ್ಲಿ ಮಾಡಿದ್ದು ಅಷ್ಟಿದೆ. ಆದರೆ ನಾಟಕ, ನಟನೆ ಅವರಿಗೆ ಹವ್ಯಾಸವಾಗಿರಲಿಲ್ಲ. ಗಂಡನ ಜೊತೆ ಊರೂರು ತಿರುಗಿ ನಾಟಕ ಆಡಿದ್ದರು. ಕೇರಳದ ಕಿಳ್ಳಿಕುರಿಶ್ಶಿಮಂಗಲಂನಲ್ಲಿ ಮಾಣಿ ಮಾಧವ ಚಾಕ್ಯಾರರ ಮನೆಯಲ್ಲೇ ಉಳಿದು ಕೂಡಿಯಾಟ್ಟಂ ಅಭ್ಯಾಸ ಮಾಡಿದ್ದರು. ಸಂಸ್ಕೃತ ನಾಟಕ ಕಣ್ಣಿನಲ್ಲಿ, ಬೆರಳಿನಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ವಿಧವೆ ಮದುವೆಯಾಗಬಾರದು ಎಂದರು, ಆದರು. ಹೆಂಗಸು ಚುನಾವಣೆಗೆ ನಿಲ್ಲಬಾರದು ಎಂದರು, ನಿಂತರು. ಮಾನವಂತೆ ಬಣ್ಣ ಹಚ್ಚಬಾರದು ಎಂಬುದು ಆ ಸಾಲಿನ ಮತ್ತೊಂದು ‘ಬಾರದು’. ಅದನ್ನೂ ದಾಟಿದರು. ಸಂಸಾರ ಸರಿಬಾರದೆ ಹೋದಾಗ ಹರೀಂದ್ರನಾಥರಿಂದ ಕೋರ್ಟಿನ ಮೂಲಕ ವಿಚ್ಛೇದನ ಪಡೆದದ್ದೂ ಇದೇ ಸಾಲಿಗೆ ಸೇರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಧೈರ್ಯದ ಕತೆಯಾಗಿ ಮುಗಿಯುತ್ತದೆ. ಧೈರ್ಯ ಇತ್ತು, ಅನುಮಾನವಿಲ್ಲ. ಆದರೆ ಪಾತ್ರ ಯಾವುದು, ಕತೆ ಯಾರದು ಎಂಬುದನ್ನು ಮರೆಯಬಾರದು. ವಸಂತಸೇನೆ ಗಣಿಕೆ. ಅಂಥ ಮನೆಗಳಲ್ಲಿ ಹುಟ್ಟಿ, ಹಾಡು ಕುಣಿತ ನಟನೆಯನ್ನು ಬಾಳುವೆಯನ್ನಾಗಿ ಮಾಡಿಕೊಂಡ ಹೆಂಗಸರು ಆಗ ನಮ್ಮಲ್ಲಿ ಕಡಿಮೆಯಿರಲಿಲ್ಲ. ರಂಗಭೂಮಿಗೆ ಮೊದಲು ಬಂದವರೇ ಅವರು. ಲಕ್ಷ್ಮೇಶ್ವರದ ಬಚ್ಚಾಸಾನಿ ಸ್ವಂತ ನಾಟಕ ಕಂಪನಿ ನಡೆಸಿದಳು. ಆ ‘ಸಾನಿ’ ಎಂಬ ಪದವೇ ಅವಳ ಕುಲ ಹೇಳುತ್ತದೆ. ಅವರು ವಸಂತಸೇನೆಯಾದರೆ ಅದು ಕುಲಕಸುಬು. ಪದವೀಧರೆ, ದೇಶಸೇವಕಿ ಗಣಿಕೆಯ ಕತೆ ಆಡಿದರೆ ಅದು ಕಲೆ. ಅದೇ ಕುಣಿತ, ಅದೇ ಒಡವೆ, ಅದೇ ಪಾತ್ರ.

ನಮ್ಮ ಕಡೆಯ ಅನುಭವದಿಂದ ಇದನ್ನು ನೋಡುವುದು ಸುಲಭ. ಭೀಮಾ ದಂಡೆಯ ಘತ್ತರಗಿ, ಅಫಜಲಪುರ ಆಗ ನಿಜಾಮನ ಸೀಮೆ. ಹೊಳೆ ದಾಟಿದರೆ ಬ್ರಿಟಿಷರ ವಿಜಾಪುರ. ಭಾಗ್ಯವಂತಿಯ ಜಾತ್ರೆಯಂಥ ಜಾತ್ರೆಗಳಿಗೆ ನಾಟಕ ಬಂದರೆ ಊರೆಲ್ಲ ಸೇರುತ್ತದೆ, ಹಾಡಿಗೆ ನೋಟು ಕೊಟ್ಟು ಮೈಕಿನಲ್ಲಿ ಹೆಸರು ಹೇಳಿಸಿಕೊಳ್ಳುವವರೂ ಇರುತ್ತಾರೆ. ಮರುದಿನ ಅದೇ ಬಾಯಲ್ಲಿ ‘ನಾಟಕದಾಕಿ’ ಎಂಬ ಪದ ಬರುವ ಧಾಟಿಯೇ ಬೇರೆ. ಬಿಳಗಿಯ ಅಮೀರ್‌ಬಾಯಿ ಮುಂಬೈ ಸೇರಿ ‘ಕಿಸ್ಮತ್’ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾಗಿ, ವಿಜಾಪುರದಲ್ಲಿ ತನ್ನ ಹೆಸರಿನ ಟಾಕೀಜನ್ನೇ ಕಟ್ಟಿಸಿದಳು. ಅವಳ ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಬಾಳಿನಲ್ಲಿ ಬಂದದ್ದಕ್ಕೆ ಮರಾಠಿ ರಸಿಕರು ಆಕೆಯನ್ನು ಇವತ್ತಿಗೂ ಪೂರ್ತಿ ಕ್ಷಮಿಸಿದಂತಿಲ್ಲ. ಇಲ್ಲಿಯೂ ಒಂದು ವಿಚಿತ್ರ: ದೇವಲರ ಮರಾಠಿ ‘ಮೃಚ್ಛಕಟಿಕ’ದಲ್ಲಿ ವಸಂತಸೇನೆಯಾಗಿ ಬಾಲಗಂಧರ್ವರು ಬಂದರೆ ಮನೆತನಸ್ಥ ಹೆಂಗಸರು ಅವರ ಸೀರೆಯ ನಿರಿಗೆ, ಮೂಗುತಿ, ಮುಡಿ ನೋಡಿ ತಾವೂ ಹಾಗೆ ಸಿಂಗರಿಸಿಕೊಳ್ಳುತ್ತಿದ್ದರು. ಗಂಡಸು ಗಣಿಕೆಯಾದರೆ ಮಾದರಿ. ಹೆಂಗಸು ಆದರೆ ಗುಲ್ಲು.

ನಿಜಾಮನ ಸೀಮೆಯ ಇನ್ನೊಂದು ಪ್ರಸಂಗ. ಧೀರೇನ ಗಂಗೂಲಿ ಎಂಬ ಬಂಗಾಲಿ ನಿರ್ದೇಶಕ 1922ರಲ್ಲಿ ನಿಜಾಮನ ಆಶ್ರಯದಲ್ಲಿ ಹೈದರಾಬಾದಿನಲ್ಲಿ ಲೋಟಸ್ ಫಿಲ್ಮ್ ಕಂಪನಿ ತೆರೆದು ಮೂಕಿ ಚಿತ್ರ ಮಾಡುತ್ತಿದ್ದ. 1924ರಲ್ಲಿ ಅವನು ‘ರಜಿಯಾ ಬೇಗಂ’ ತೋರಿಸಿದ. ಸಿಂಹಾಸನ ಏರಿದ ಮುಸ್ಲಿಂ ರಾಣಿ, ಅವಳಿಗೊಬ್ಬ ಹಿಂದೂ ಪ್ರಿಯಕರ. ಸಂಸ್ಥಾನ ಬಿಟ್ಟು ಹೊರಡಲು ಆಜ್ಞೆಯಾಯಿತು. ಹೀಗೆ ಈ ಭಾಗದಲ್ಲಿ ಸಿನಿಮಾ ಉದ್ಯಮ ಬೇರು ಬಿಡುವ ಮೊದಲೇ ಒಣಗಿತು. ಪರದೆಯ ಮೇಲಿನ ಹೆಂಗಸು ಯಾರನ್ನು ಪ್ರೀತಿಸುತ್ತಾಳೆ ಎಂಬುದು ರಾಜ್ಯದ ಚಿಂತೆ!

ಆದರೆ ಎಲ್ಲಕ್ಕಿಂತ ಕಠೋರವಾದ ಹೋಲಿಕೆ ತಿರುವನಂತಪುರದ್ದು. ‘ಮೃಚ್ಛಕಟಿಕ’ದ ಕಾಲದಲ್ಲೇ, ಒಂದೆರಡು ವರ್ಷ ಹಿಂಚುಮುಂಚಾಗಿ, ಜೆ.ಸಿ. ಡೇನಿಯಲ್ ‘ವಿಗತಕುಮಾರನ್’ ಎಂಬ ಮೂಕಿ ಮಾಡಿದ. ಮಲೆಯಾಳಂ ಸಿನಿಮಾದ ಮೊದಲ ಚಿತ್ರ ಅದು. ನಾಯಕಿ ಪಿ.ಕೆ. ರೋಸಿ, ಹುಲ್ಲು ಕೊಯ್ದು ಬದುಕುತ್ತಿದ್ದ ದಲಿತ ಹೆಣ್ಣುಮಗಳು. ಅವಳ ಪಾತ್ರ ನಾಯರ್ ಮನೆಯ ಯುವತಿಯದು. ಕ್ಯಾಪಿಟಲ್ ಥಿಯೇಟರಿನಲ್ಲಿ ಚಿತ್ರ ಶುರುವಾದಾಗ ಜನ ಪರದೆಗೆ ಕಲ್ಲು ಹೊಡೆದರು. ನಾಯಕ ಅವಳ ಮುಡಿಯ ಹೂವಿಗೆ ಮುತ್ತಿಡುವ ದೃಶ್ಯಕ್ಕೆ ಥಿಯೇಟರೇ ರೊಚ್ಚಿಗೆದ್ದಿತು. ರೋಸಿಯ ಗುಡಿಸಲನ್ನು ಸುಟ್ಟರು. ಅವಳು ಊರು ಬಿಟ್ಟು ಓಡಿ ತಮಿಳು ಸೀಮೆ ಸೇರಿ, ಬೇರೆಯವಳಾಗಿ ಬದುಕಿ ಸತ್ತಳು. ತಾನು ನಟಿಯಾಗಿದ್ದೆ ಎಂದು ಹೇಳಿಕೊಳ್ಳಲಿಲ್ಲ.

ಮೇಲ್ಜಾತಿಯ ಹೆಂಗಸು ಗಣಿಕೆಯ ವೇಷ ಹಾಕಿದರೆ ಸಿನಿಮಾ ಉದ್ಧಾರವಾಯಿತು. ದಲಿತ ಹೆಂಗಸು ಮೇಲ್ಜಾತಿಯವಳ ವೇಷ ಹಾಕಿದ್ದಕ್ಕೆ ಅವಳ ಮನೆ ಸುಟ್ಟಿತು. ಮೂಕಿಯ ಕಾಲದ ನಟಿಯರ ಬಗ್ಗೆ ಬರೆಯುವಾಗ ನಾವು ‘ಸಂಪ್ರದಾಯಸ್ಥ ಸಮಾಜ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆ ಸಮಾಜ ಎಲ್ಲ ನಟಿಯರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಇದನ್ನು ಹೇಳಿದರೆ ಕಮಲಾದೇವಿಯ ಅಥವಾ ಏಣಾಕ್ಷಿಯ ದಿಟ್ಟತನ ಕಡಿಮೆಯಾಗುವುದಿಲ್ಲ. ಆದರೆ ಅವರ ಬೆನ್ನಿಗೆ ಏನಿತ್ತು ಎಂಬುದು ಕಾಣುತ್ತದೆ.

ಬೆನ್ನಿಗೆ ಮನೆತನ ಇದ್ದವರಿಗೂ ಹಾದಿ ಯಾವಾಗಲೂ ಸುಗಮವಾಗಿರಲಿಲ್ಲ ಎನ್ನುವುದಕ್ಕೆ ಭವನಾನಿಯದೇ ಇನ್ನೊಂದು ಚಿತ್ರ ಸಾಕ್ಷಿ. 1931ರಲ್ಲಿ ‘ಫರೇಬಿ ಜಾಲ್’ನಲ್ಲಿ ಒಂದು ಸಣ್ಣ ಪಾತ್ರಕ್ಕೆ ದುರ್ಗಾ ಖೋಟೆ ಬಂದರು. ಮುಂಬೈಯ ಲಾಡ್ ಮನೆತನದ ಮಗಳು, ದೊಡ್ಡ ಮನೆಯ ಸೊಸೆ, ಎರಡು ಮಕ್ಕಳ ತಾಯಿ, ಕೈಯಲ್ಲಿ ಕಾಸಿಲ್ಲ. ಚಿತ್ರದ ಜಾಹೀರಾತು ಆ ಮನೆತನದ ಹೆಸರನ್ನೇ ಮುಂದೆ ಮಾಡಿತು. ಚಿತ್ರ ಕೀಳುಮಟ್ಟದ್ದು ಎಂದು ಎಲ್ಲರೂ ಬೈದರು, ತವರಿನವರೂ ಅತ್ತೆಮನೆಯವರೂ ಮುಖ ಮುಚ್ಚಿಕೊಂಡರು. ಮರುವರ್ಷ ಶಾಂತಾರಾಂ ಅವರ ‘ಅಯೋಧ್ಯೇಚಾ ರಾಜಾ’ದಲ್ಲಿ ತಾರಾಮತಿಯಾಗಿ ನಿಂತಾಗ ಹೋದ ಮಾನ ಹಿಂದೆ ಬಂತು. ಹತ್ತೊಂಬತ್ತು ವರ್ಷ ಹಿಂದೆ ಫಾಲ್ಕೆಗೆ ಹೆಂಗಸು ಸಿಗದೆ ಸಾಳುಂಕೆ ಉಟ್ಟಿದ್ದ ಅದೇ ತಾರಾಮತಿಯ ಸೀರೆ! ಮರ್ಯಾದಸ್ಥೆಯ ಹೆಸರು ಆ ಹೊತ್ತಿಗೆ ಮಾರಾಟದ ಸರಕಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಸುಧಾರಣೆಯೂ ವ್ಯಾಪಾರವೂ ಒಂದೇ ಗಾಡಿಯಲ್ಲಿ ಬಂದವು, ಭವನಾನಿಯ ವಿಷಯದಲ್ಲಂತೂ ಎರಡನ್ನೂ ಬಿಡಿಸುವುದು ಕಷ್ಟ.

ಬೆಂಗಳೂರಿನಲ್ಲೂ ಆಗ ಮೂಕಿಯ ಸದ್ದು ಜೋರಿತ್ತು. ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಸಾಹಸದ ಚಿತ್ರಗಳನ್ನು ಒಂದರ ಹಿಂದೆ ಒಂದು ಸುತ್ತುತ್ತಿತ್ತು. ಗುಬ್ಬಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಹೆಸರಿನಲ್ಲಿ ‘ಹಿಸ್ ಲವ್ ಅಫೇರ್’ ಮಾಡಿದರು. ರಂಗದಿಂದ ಬಂದ ಬಿ. ಜಯಮ್ಮ ಮೂಕಿಯನ್ನೂ ದಾಟಿ ‘ಹೇಮರೆಡ್ಡಿ ಮಲ್ಲಮ್ಮ’, ‘ಗುಣಸಾಗರಿ’ಗಳವರೆಗೆ ನಡೆದರು. ಜಯಮ್ಮನವರ ಬಾಳು ಬೇರೆಯೇ ಲೇಖನ ಬೇಡುತ್ತದೆ, ಇಲ್ಲಿ ಅದಕ್ಕೆ ಎಡೆಯಿಲ್ಲ.

ಮೂಕಿಯ ಆಯುಷ್ಯವೇ ಮುಗಿಯುತ್ತ ಬಂದಿತ್ತು. 1931ರ ಮಾರ್ಚ್ 14ರಂದು ಮುಂಬೈಯಲ್ಲಿ ‘ಆಲಂ ಆರಾ’ ಬಿಡುಗಡೆಯಾಯಿತು. ಅಲ್ಲಿಂದ ಮುಂದೆ ನಟಿಗೆ ಗಂಟಲು ಬೇಕು, ಭಾಷೆ ಬೇಕು, ಹಾಡು ಬರಬೇಕು. ಮೂಕಿಯಲ್ಲಿ ಮಂಗಳೂರಿನವಳು ಉಜ್ಜಯಿನಿಯವಳಾಗಬಹುದಿತ್ತು, ರೆನೀ ಸ್ಮಿತ್ ಬುದ್ಧನ ಮಡದಿಯಾಗಬಹುದಿತ್ತು. ಶೀರ್ಷಿಕೆಯ ಫಲಕಗಳನ್ನು ನಾಲ್ಕು ಭಾಷೆಯಲ್ಲಿ ಬರೆದರೆ ಚಿತ್ರ ನಾಲ್ಕು ಸೀಮೆ ಸುತ್ತುತ್ತಿತ್ತು. ಮಾತು ಬಂದದ್ದು ಲಾಭವೇ. ಆದರೆ ಅದು ಕೆಲವರ ಬಾಯಿ ಮುಚ್ಚಿಸಿತು. ರೂಬಿ ಮೈಯರ್ಸ್ ಹಟ ಹಿಡಿದು ಹಿಂದೂಸ್ತಾನಿ ಕಲಿತು ಬಂದಳು. ಸೀತಾದೇವಿ ಮರೆಯಾದಳು. ಕನ್ನಡದ ವಸಂತಸೇನೆ ಮಾತಾಡಿದ್ದು 1941ರಲ್ಲಿ. ಸುಬ್ಬಯ್ಯನಾಯ್ಡು ಚಾರುದತ್ತ, ಅವರ ಮಡದಿ ಲಕ್ಷ್ಮೀಬಾಯಿ ವಸಂತಸೇನೆ, ಆರ್. ನಾಗೇಂದ್ರರಾಯರ ಶಕಾರ. ಹತ್ತು ವರ್ಷದಲ್ಲಿ ಪಾತ್ರ ಮತ್ತೆ ಕಂಪನಿ ನಾಟಕದವರ ಕೈಗೆ ಬಂತು.

ಏಣಾಕ್ಷಿ ಭವನಾನಿ ಎಂಬ ಹೆಸರಿನಲ್ಲಿ ಅವರು ಆಮೇಲೆ ಲೇಖಕಿಯಾದರು. ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆಯಲ್ಲಿ 1951ರಲ್ಲಿ ಅವರ ಲಡಾಖ್ ಪ್ರವಾಸಕಥನ ಬಂತು. 1965ರಲ್ಲಿ ‘ದ ಡಾನ್ಸ್ ಇನ್ ಇಂಡಿಯಾ’ ಎಂಬ ದೊಡ್ಡ ಗ್ರಂಥ. ನಂತರ ಭಾರತದ ಅಲಂಕಾರ ವಿನ್ಯಾಸ, ಕುಶಲಕಲೆ, ಬುಡಕಟ್ಟು ಮತ್ತು ಜಾನಪದ ವಿನ್ಯಾಸಗಳ ಮೇಲೆ ಪುಸ್ತಕಗಳು. ಕಮಲಾದೇವಿಯವರ ಹಾದಿಯೂ ಕೈಕಸುಬಿನ ಕಡೆಗೇ ತಿರುಗಿತು. ವಿಭಜನೆಯ ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಟ್ಟಿದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ನೇಕಾರರ, ಕುಂಬಾರರ, ಕಸೂತಿಯವರ ಮನೆಬಾಗಿಲಿಗೆ ತಿರುಗಿದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ತೀರಿಕೊಂಡರು. ಒಂದೇ ಚಿತ್ರದಲ್ಲಿ ಗಣಿಕೆಯ ಕತೆಗೆ ಬಣ್ಣ ಹಚ್ಚಿದ ಇಬ್ಬರೂ ಮುಂದೆ ಹೆಸರಿಲ್ಲದ ಕುಶಲಕರ್ಮಿಗಳ ಕೆಲಸವನ್ನು ದಾಖಲಿಸುವುದರಲ್ಲಿ ಆಯುಷ್ಯ ಕಳೆದದ್ದು ಕಾಕತಾಳೀಯ ಇರಬಹುದು. ಆದರೆ ‘ಮೃಚ್ಛಕಟಿಕ’ ಎಂದರೆ ಮಣ್ಣಿನ ಗಾಡಿ, ಅಂದರೆ ಕುಂಬಾರನ ಕೈಕೆಲಸ, ಎಂಬುದು ನೆನಪಾಗದೆ ಇರುವುದಿಲ್ಲ.

ಆ ಮಣ್ಣಿನ ಗಾಡಿಯ ಚಿತ್ರ ಈಗ ಇಲ್ಲ. ಭಾರತದಲ್ಲಿ ಸುಮಾರು 1,300 ಮೂಕಿ ಚಿತ್ರಗಳು ತಯಾರಾದವು, ಉಳಿದವು ಬೆರಳೆಣಿಕೆಯಷ್ಟು. ನೈಟ್ರೇಟ್ ಫಿಲ್ಮು ಬೆಂಕಿಗೆ ಬೇಗ ತುತ್ತಾಗುತ್ತಿತ್ತು. ಉಳಿದದ್ದನ್ನು ಅದರಲ್ಲಿನ ಬೆಳ್ಳಿಯ ಆಸೆಗೆ ಕರಗಿಸಿದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟರಲ್ಲಿ ಮೂಕಿಯ ಯುಗ ಮುಗಿದು ಮೂವತ್ತು ವರ್ಷ. ಪರದೆಯ ಮೇಲೆ ವಸಂತಸೇನೆಯ ಒಡವೆಯನ್ನು ಕದ್ದವನು ಶರ್ವಿಲಕ, ಚಿತ್ರದೊಳಗಿನ ಬೆಳ್ಳಿಯನ್ನು ಕದ್ದವರು ಗುಜರಿಯವರು.

‘ಶಿರಾಜ್’ ಮಾತ್ರ ಉಳಿಯಿತು, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಉಗ್ರಾಣದಲ್ಲಿ. ಅವರು ಅದನ್ನು ಚೌಕಟ್ಟು ಚೌಕಟ್ಟಾಗಿ ಸರಿಪಡಿಸಿ 2017ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾರ್ಬಿಕನ್‌ನಲ್ಲಿ ತೋರಿಸಿದರು, ಅನುಷ್ಕಾ ಶಂಕರ್ ಹೊಸ ಸಂಗೀತ ಕೂಡಿಸಿ ಎದುರಿಗೇ ನುಡಿಸಿದರು. ಮರುತಿಂಗಳು ಚಿತ್ರ ಹೈದರಾಬಾದ್, ಕೋಲ್ಕತ್ತ, ದೆಹಲಿ, ಮುಂಬೈಗೆ ಬಂತು. ಈಗ ಆಸಕ್ತಿ ಇದ್ದವರು ಮನೆಯಲ್ಲೇ ನೋಡಬಹುದು. ನೋಡುವವರು ಗುಲಾಮರ ಸಂತೆಯ ದೃಶ್ಯದಲ್ಲಿ ಸ್ವಲ್ಪ ನಿಲ್ಲಿ. ಸುತ್ತ ಬೆಲೆ ಕೂಗುವ ಗಂಡಸರು, ನಡುವೆ ಸಲೀಮಾ. ಹರಾಜಿನ ಆ ಗದ್ದಲದಲ್ಲಿ ಏಣಾಕ್ಷಿಯ ಮುಖ ನೋಡಿ.